ದೊಡ್ಡ ಸ್ವಾಮಿಯವರ ಒಕ್ಕಲು

1799ರ ಮೇ 4ರ ಮಧ್ಯಾಹ್ನ ಶ್ರೀರಂಗಪಟ್ಟಣದ ಕೋಟೆ ಮುರಿಯಿತು. ಟಿಪ್ಪು ಸುಲ್ತಾನನು ಕಾದಾಡುತ್ತಲೇ ಮಡಿದನು. ಪಟ್ಟಣ ಒಂದು ರಾತ್ರಿ ಸೂರೆಹೋಯಿತು. ಮರುದಿನ ಆರ್ಥರ್ ವೆಲ್ಲೆಸ್ಲಿ ಎಂಬ ತರುಣ ಕರ್ನಲ್ ಆಡಳಿತ ಕೈಗೆತ್ತಿಕೊಂಡನು. ಜೂನ್ 30ರಂದು ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು, ಪೂರ್ಣಯ್ಯನವರು ದಿವಾನರಾದರು. ಇಷ್ಟನ್ನು ಶಾಲೆಯ ಪುಸ್ತಕವೂ ಹೇಳುತ್ತದೆ. ಅದೇ ವರ್ಷ, ಅದೇ ನಡುಗಡ್ಡೆಯಲ್ಲಿ, ಹದಿನೈದು ವರ್ಷ ಬೇರೊಂದು ಹೆಸರು ಹೊತ್ತು ಬದುಕಿದ ಜನ ತಮ್ಮ ಹಳೆಯ ಹೆಸರುಗಳನ್ನು ಹುಡುಕಿಕೊಂಡು ಹೊರಬಂದರು. ಈ ಕಥನ ಅವರದು. ಅವರ ನಡುವೆ ಬಂದು ನಿಂತ ಒಬ್ಬ ಪಾದ್ರಿಯದು. ಅವರೆಲ್ಲ ಕೂಡಿ ಹಾಸನದ ಸೀಮೆಯಲ್ಲಿ ಕಟ್ಟಿಕೊಂಡ ಊರುಗಳದು.

ಮೈಸೂರು ಸೀಮೆಗೆ ಕ್ರಿಸ್ತಧರ್ಮ ಟಿಪ್ಪುವಿನ ಕಾಲಕ್ಕೆ ಹೊಸದಾಗಿರಲಿಲ್ಲ. ಕಂಠೀರವ ನರಸರಾಜ ಒಡೆಯರು ಆಳುತ್ತಿದ್ದಾಗ, 1648ರ ಸುಮಾರಿಗೆ, ಗೋವೆಯ ಕಡೆಯಿಂದ ಲಿಯೊನಾರ್ಡೊ ಚಿನ್ನಾಮಿ ಎಂಬ ಇಟಲಿಯ ಯೇಸುಸಭೆಯ (ಜೆಸ್ವಿಟ್) ಗುರು ಶ್ರೀರಂಗಪಟ್ಟಣಕ್ಕೆ ಬಂದು ಬಿಡಾರ ಹೂಡಿದ್ದರು. ಮದುರೆಯಲ್ಲಿ ಅದೇ ಸಭೆಯ ರಾಬರ್ಟ್ ಡಿ ನೊಬಿಲಿ ತೋರಿಸಿದ್ದ ದಾರಿಯನ್ನೇ ಇಲ್ಲಿನವರೂ ಹಿಡಿದರು: ಕಾವಿ ತೊಟ್ಟರು, ಮದ್ಯಮಾಂಸ ಬಿಟ್ಟರು, ಕನ್ನಡ ಕಲಿತರು. ಚಿನ್ನಾಮಿಯವರು ಕನ್ನಡದಲ್ಲಿ ಧರ್ಮೋಪದೇಶದ ಹೊತ್ತಗೆಯನ್ನೂ ಕನ್ನಡ ವ್ಯಾಕರಣವನ್ನೂ ಬರೆದರೆಂದು ಯೇಸುಸಭೆಯ ಬರಹಗಳು ಹೇಳುತ್ತವೆ. ಪಟ್ಟಣಕ್ಕೆ ಹತ್ತಿರದ ಪಾಲಹಳ್ಳಿಯಂಥ ಊರುಗಳಲ್ಲಿ ಕನ್ನಡ ಮಾತಾಡುವ ಕ್ರೈಸ್ತ ಒಕ್ಕಲುಗಳು ಬೇರೂರಿದವು. ಉಳುವುದು, ಬಿತ್ತುವುದು, ಸುಗ್ಗಿ, ಕಣ ಯಾವುದೂ ಬದಲಾಗಲಿಲ್ಲ. ಭಾನುವಾರ ಮಾತ್ರ ಹೊಸದಾಗಿ ಬಂತು.

ಆ ಕಾಲದ ಧರ್ಮಕೇಂದ್ರವನ್ನು ಇಂದಿನ ಕಣ್ಣಿನಿಂದ ನೋಡಬಾರದು. ಒಬ್ಬ ಗುರುವಿನ ಪಾಲಿಗೆ ಹತ್ತಾರು ಹರಿದಾರಿಯ ಸೀಮೆ. ಕಾಲ್ನಡಿಗೆಯಲ್ಲೋ ಎತ್ತಿನ ಗಾಡಿಯಲ್ಲೋ ಅವರು ಒಂದು ಊರಿಗೆ ಮತ್ತೆ ಬರುವ ಹೊತ್ತಿಗೆ ಹುಟ್ಟಿದ ಕೂಸು ನಡೆಯುತ್ತಿರುತ್ತಿತ್ತು. ಅವರು ಬಂದ ದಿನವೇ ಪೂಜೆ, ಪಾಪನಿವೇದನೆ, ಮದುವೆ, ಜ್ಞಾನಸ್ನಾನ. ಉಳಿದ ದಿನಗಳಲ್ಲಿ ಊರಿನ ಉಪದೇಶಿಯೇ ಎಲ್ಲ. ಸಂಜೆಯ ಜಪಕ್ಕೆ ಜನರನ್ನು ಕೂಡಿಸುವವನು ಅವನು, ಮಕ್ಕಳಿಗೆ ಪ್ರಾರ್ಥನೆ ಬಾಯಿಪಾಠ ಮಾಡಿಸುವವನು ಅವನು, ಸಾಯುವ ಹಸುಳೆಯ ನೆತ್ತಿಗೆ ನೀರೆರೆಯುವವನೂ ಅವನೇ. ನಮ್ಮ ಚರಿತ್ರೆಗಳು ಗುರುಗಳ ಹೆಸರನ್ನು ಕಾಪಾಡಿದಷ್ಟು ಶ್ರದ್ಧೆಯಿಂದ ಈ ಉಪದೇಶಿಗಳ ಹೆಸರನ್ನು ಕಾಪಾಡಲಿಲ್ಲ. ಇದು ದೊಡ್ಡ ನಷ್ಟವೆಂದು ನನಗೆ ಅನಿಸುತ್ತದೆ. ಮುಂದೆ ಬಂದ ಕೇಡುಗಾಲದಲ್ಲಿ ಉಪಯೋಗಕ್ಕೆ ಬಂದದ್ದು ಅವರು ಕಲಿಸಿದ ಬಾಯಿಪಾಠವೇ.

ಕೇಡುಗಾಲ ಎರಡು ದಿಕ್ಕಿನಿಂದ ಬಂತು. 1759ರಲ್ಲಿ ಪೋರ್ಚುಗಲ್ಲಿನ ಅರಸನು ತನ್ನ ನೆಲದಿಂದ ಯೇಸುಸಭೆಯನ್ನು ಹೊರಹಾಕಿದನು. 1773ರಲ್ಲಿ ರೋಮಿನ ಜಗದ್ಗುರುವೇ ಆ ಸಭೆಯನ್ನು ವಿಸರ್ಜಿಸಿದರು. ಮೈಸೂರಿನ ಹಳ್ಳಿಗಳಿಗೆ ಹೊಸ ಗುರುಗಳು ಬರುವುದು ನಿಂತಿತು. ಪುದುಚೇರಿಯಲ್ಲಿ ಫ್ರೆಂಚರ ಪ್ಯಾರಿಸ್ ವಿದೇಶ ಮಿಶನ್ ಸಂಸ್ಥೆ ಆ ಹೊರೆಯನ್ನು ಹೊತ್ತುಕೊಂಡಿತಾದರೂ ಗುರುಗಳು ಕೈಬೆರಳಲ್ಲಿ ಎಣಿಸುವಷ್ಟೇ ಇದ್ದರು. ಹೀಗೆ ಸಭೆ ಬಡವಾಗಿದ್ದ ಹೊತ್ತಿನಲ್ಲೇ ರಾಜಕಾರಣದ ಬಿರುಗಾಳಿ ಎದ್ದಿತು. 1783ರಲ್ಲಿ ಜನರಲ್ ಮ್ಯಾಥ್ಯೂಸನ ಇಂಗ್ಲಿಷ್ ಪಡೆ ಮಂಗಳೂರನ್ನು ಹಿಡಿದಾಗ ಕೆನರಾದ ಕ್ರೈಸ್ತರು ಶತ್ರುವಿಗೆ ನೆರವಾದರೆಂಬ ಸಿಟ್ಟು ಟಿಪ್ಪುವಿನಲ್ಲಿ ಉಳಿಯಿತು. 1784ರ ಫೆಬ್ರವರಿಯ ಕೊನೆಯಲ್ಲಿ, ವಿಭೂತಿ ಬುಧವಾರದ ಆಸುಪಾಸಿನಲ್ಲಿ, ಕರಾವಳಿಯ ಕ್ರೈಸ್ತರನ್ನು ಒಂದೇ ಸಲಕ್ಕೆ ಸೆರೆಹಿಡಿದು ಘಟ್ಟ ಹತ್ತಿಸಲಾಯಿತು. ಸೆರೆಯಾದವರ ಲೆಕ್ಕವನ್ನು ಒಬ್ಬೊಬ್ಬರು ಒಂದೊಂದು ಹೇಳಿದ್ದಾರೆ; ಮೂವತ್ತು ಸಾವಿರದಿಂದ ಎಂಬತ್ತು ಸಾವಿರದವರೆಗೆ ಅದು ಏರಿಳಿಯುತ್ತದೆ. ಚರ್ಚುಗಳು ನೆಲಸಮವಾದವು. ದಾರಿಯಲ್ಲಿ ಮುದುಕರೂ ಕೂಸುಗಳೂ ಬಿದ್ದುಹೋದರು. ಬದುಕುಳಿದ ಗಂಡಸರಿಗೆ ಸುನ್ನತಿ ಮಾಡಿಸಿ, ಹೊಸ ಹೆಸರಿಟ್ಟು, ಅಹಮದಿ ಎಂಬ ಸೈನ್ಯದಳಗಳಿಗೆ ಸೇರಿಸಿದರು. ಪಟ್ಟಣದ ಕನ್ನಡ ಕ್ರೈಸ್ತರ ಮೇಲೂ ಅದೇ ಬೆಂಕಿ ಬಿತ್ತು. ತಪ್ಪಿಸಿಕೊಂಡ ಕೆಲವರು ಕೊಡಗಿಗೆ ಓಡಿದರು. ಅಲ್ಲಿನ ಅರಸ ದೊಡ್ಡ ವೀರರಾಜೇಂದ್ರನು ಅವರಿಗೆ ತನ್ನ ಹೊಸ ಪೇಟೆಯಲ್ಲಿ ನೆಲೆ ಕೊಟ್ಟನು. ವಿರಾಜಪೇಟೆಯ ಸಂತ ಅನ್ನಮ್ಮನವರ ಚರ್ಚಿನ ಮೂಲ ಅಲ್ಲಿದೆ.

ಇನ್ನುಳಿದವರು ಹದಿನೈದು ವರ್ಷ ಶ್ರೀರಂಗಪಟ್ಟಣದ ಸುತ್ತಮುತ್ತ ಇದ್ದರು. ಚರ್ಚಿಲ್ಲ, ಗುರುವಿಲ್ಲ, ಗಂಟೆಯಿಲ್ಲ, ಹಬ್ಬವಿಲ್ಲ.

ಕೋಟೆ ಬಿದ್ದ ಮೇಲೆ ವೆಲ್ಲೆಸ್ಲಿಯ ಕರೆಗೆ ಓಗೊಟ್ಟು ಬಂದವರು ಜಾನ್ ಆಂತ್ವಾನ್ ದ್ಯುಬುವಾ. ಫ್ರಾನ್ಸಿನ ಆರ್ದೆಶ್ ಸೀಮೆಯ ಸಂತ್-ರೆಮೆಜ್ ಎಂಬ ಹಳ್ಳಿಯವರು. ಫ್ರಾನ್ಸಿನಲ್ಲಿ ಕ್ರಾಂತಿಯ ಕಾಡ್ಗಿಚ್ಚು ಹಬ್ಬಿದ್ದ 1792ರಲ್ಲಿ ಗುರುದೀಕ್ಷೆ ಪಡೆದು, ಅದೇ ವರ್ಷ ಹಡಗು ಹತ್ತಿದವರು. ಮೂವತ್ತು ದಾಟಿದ ಆ ಗುರು ಬಂದಾಗ ಮೈಮೇಲೆ ಯೂರೋಪಿನ ಉಡುಪಿರಲಿಲ್ಲ. ನಿಲುವಂಗಿ ತೊಟ್ಟು ತಲೆಗೆ ರುಮಾಲು ಸುತ್ತಿದ್ದರು. ಈ ನಾಡಿನವರಂತೆಯೇ ಉಂಡು ಉಟ್ಟು ನೆಲದ ಮೇಲೆ ಕೂರುತ್ತಿದ್ದರು. ಥಾಮಸ್ ಹಿಕಿ ಎಂಬ ಚಿತ್ರಗಾರ ಅವರನ್ನು ಅದೇ ವೇಷದಲ್ಲಿ ಬರೆದಿದ್ದಾನೆ. ಮೈಸೂರಿನ ಕ್ರೈಸ್ತರು ಅವರನ್ನು ದೊಡ್ಡ ಸ್ವಾಮಿಯವರು ಎಂದು ಕರೆದರು. ಅವರು ಹೋಗಿ ಎಷ್ಟೋ ಕಾಲವಾದ ಮೇಲೂ ಆ ಹೆಸರು ಉಳಿದಿತ್ತೆಂದು ನೂರು ವರ್ಷದ ಹಿಂದಿನವರು ಬರೆದಿಟ್ಟಿದ್ದಾರೆ.

ಜನ ಬರತೊಡಗಿದರು. ಸುಮಾರು ಎರಡು ಸಾವಿರ ಮಂದಿ ತಮ್ಮ ಬಳಿಗೇ ಬಂದರೆಂದು ದ್ಯುಬುವಾ ಬರೆದಿದ್ದಾರೆ. ಇನ್ನು ಹತ್ತಿರ ಹತ್ತಿರ ಇಪ್ಪತ್ತು ಸಾವಿರ ಮಂದಿ ಘಟ್ಟ ಇಳಿದು ಮಂಗಳೂರಿಗೆ ಮರಳಿ ಚರ್ಚುಗಳನ್ನು ಮತ್ತೆ ಕಟ್ಟಿಕೊಂಡರು. ಬಂದವರೆಲ್ಲ ಒಂದೇ ಮಾತು ಹೇಳಿದರಂತೆ: ಬದಲಾದದ್ದು ಹೊರಗಿನದು, ಒಳಗಿನ ವಿಶ್ವಾಸ ಎಂದೂ ಕದಲಲಿಲ್ಲ. ದ್ಯುಬುವಾ ಅವರನ್ನೆಲ್ಲ ಒಪ್ಪಿಕೊಂಡರು, ಪಾಪನಿವೇದನೆ ಕೇಳಿದರು, ಸಭೆಗೆ ಸೇರಿಸಿದರು. ಆದರೆ ಮನಸ್ಸಿನೊಳಗೆ ಕ್ಷಮಿಸಲಿಲ್ಲ. ಅಷ್ಟು ಸಾವಿರ ಜನರಲ್ಲಿ ಒಬ್ಬನಾದರೂ ಎದ್ದು ನಿಂತು ತನ್ನ ಧರ್ಮಕ್ಕಾಗಿ ಪ್ರಾಣ ಕೊಡಲಿಲ್ಲವಲ್ಲ ಎಂಬ ಕಹಿ ಅವರ ಪತ್ರಗಳಲ್ಲಿ ಕೊನೆಯವರೆಗೂ ಉಳಿಯಿತು.

ದೊಡ್ಡ ಸ್ವಾಮಿಯವರ ಮೇಲೆ ಅಪಾರ ಗೌರವವಿಟ್ಟುಕೊಂಡೇ ನಾನು ಇಲ್ಲಿ ಅವರ ಮಾತನ್ನು ಒಪ್ಪಲಾರೆ. 1784ರಲ್ಲಿ ಐದು ವರ್ಷದ ಹುಡುಗಿಯಾಗಿದ್ದವಳು 1799ರಲ್ಲಿ ಇಪ್ಪತ್ತರ ಹೆಂಗಸು. ಅಷ್ಟರಲ್ಲಿ ಅವಳ ಕಂಕುಳಲ್ಲಿ ಒಂದು ಮಗು. ಅವಳು ಚರ್ಚನ್ನು ನೋಡಿದ್ದರೂ ನೆನಪಿಲ್ಲ. ಗುರುವಿನ ದನಿ ಕೇಳಿಲ್ಲ. ಸೆರೆಯಲ್ಲೇ ಹುಟ್ಟಿದ ಅವಳ ತಮ್ಮನಿಗೆ ಅಷ್ಟೂ ಇಲ್ಲ. ಹೀಗಿದ್ದೂ ಕೋಟೆ ಬಿದ್ದ ಸುದ್ದಿ ಕೇಳಿದ ಕೂಡಲೇ ಇವರೆಲ್ಲ ಎಲ್ಲಿಗೆ ಹೋಗಬೇಕೆಂದು ತಿಳಿದು ಎದ್ದು ಹೊರಟರೆ, ಆ ತಿಳಿವಳಿಕೆಯನ್ನು ಯಾರೋ ಅವರಿಗೆ ದಿನದಿನವೂ ಉಣಿಸಿರಲೇಬೇಕು. ಕದ ಹಾಕಿದ ಮನೆಯಲ್ಲಿ, ದನಿ ತಗ್ಗಿಸಿ, ಒಲೆಯ ಮುಂದೆ ಕೂತ ತಾಯಂದಿರೂ ಅಜ್ಜಿಯರೂ ಅಲ್ಲದೆ ಇನ್ನಾರು ಆ ಕೆಲಸ ಮಾಡಲು ಸಾಧ್ಯವಿತ್ತು? ಒಂದು ಗಳಿಗೆಯಲ್ಲಿ ಪ್ರಾಣ ಕೊಡುವುದು ಹಿರಿದು. ಹದಿನೈದು ವರ್ಷ ದಿನವೂ ಭಯದಲ್ಲಿ ಒಂದು ಪ್ರಾರ್ಥನೆಯನ್ನು ಮಗುವಿನ ನಾಲಗೆಯ ಮೇಲೆ ಇಡುವುದು ಅದಕ್ಕಿಂತ ಕಿರಿದಲ್ಲ.

    

ದ್ಯುಬುವಾ ಮುಂದೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಮೈಸೂರಿನಲ್ಲಿ ದುಡಿದರು. ಶ್ರೀರಂಗಪಟ್ಟಣದ ಗಂಜಾಂನಲ್ಲಿ ಅವರು ಕಟ್ಟಿಸಿದ ಚರ್ಚು ಇಂದಿಗೂ ಅವರ ಹೆಸರಿನಿಂದಲೇ ಪರಿಚಿತ. ಆದರೆ ಚರ್ಚಿಗಿಂತ ದೊಡ್ಡ ಪ್ರಶ್ನೆ ಅವರ ಮುಂದಿತ್ತು. ಮರಳಿದವರಲ್ಲಿ ಹಲವರಿಗೆ ಹೊಲವಿಲ್ಲ, ಮನೆಯಿಲ್ಲ. ಹಳೆಯ ಊರಿಗೆ ಹೋದರೆ ನೆಂಟರು ಪಂಕ್ತಿಯಲ್ಲಿ ಕೂರಿಸಿಕೊಳ್ಳುವರೇ? ಹೆಣ್ಣು ಕೊಡುವರೇ? ಹಸಿದವನಿಗೆ ಧರ್ಮೋಪದೇಶ ಮೊದಲು ಬೇಕಾಗಿಲ್ಲ, ಉಳುವುದಕ್ಕೆ ನೆಲ ಬೇಕು. ಹೀಗೆ ಅವರು ಬೇಸಾಯದ ಊರುಗಳನ್ನು ನೆಲೆಗೊಳಿಸಿದರು. ಅವುಗಳಲ್ಲಿ ಮುಖ್ಯವಾದದ್ದು ಹಾಸನ ಸೀಮೆಯ ಸಾತಳ್ಳಿ. ಯುದ್ಧದ ಮೇಲೆ ಯುದ್ಧ ಹಾದುಹೋದ ನಾಡಿನಲ್ಲಿ ಬೀಳುಬಿದ್ದ ಭೂಮಿಗೆ ಕೊರತೆಯಿರಲಿಲ್ಲ. ಒಕ್ಕಲುಗಳು ನೇಗಿಲು ಹೂಡಿದವು. ಮಧ್ಯೆ ಗುಡಿ, ಸುತ್ತ ಮನೆ, ಅದರಾಚೆ ಹೊಲಗದ್ದೆ. ಮೈಸೂರು ನಾಡಿನಲ್ಲಿ ಕ್ರೈಸ್ತ ಧರ್ಮಕೇಂದ್ರವೆಂಬುದು ಬೇರೂರಿದ್ದು ಈ ರೂಪದಲ್ಲಿ: ಕಂದಾಯ ಕಟ್ಟುವ, ಕೆರೆಯ ನೀರಿಗೆ ಸರದಿ ಕಾಯುವ, ಪಕ್ಕದ ಹಳ್ಳಿಯ ಜಾತ್ರೆಗೂ ಹೋಗಿಬರುವ ಒಂದು ಊರಾಗಿ.

ಇನ್ನೊಂದು ಕೆಲಸವನ್ನು ಹೇಳಲೇಬೇಕು. ಸಿಡುಬನ್ನು ಜನ ಅಮ್ಮನೆಂದು ಪೂಜಿಸಿ ಅಂಜುತ್ತಿದ್ದ ಕಾಲ ಅದು. ಜೆನ್ನರ್ ತನ್ನ ಲಸಿಕೆಯ ವಿಷಯವನ್ನು ಪ್ರಕಟಿಸಿದ್ದು 1798ರಲ್ಲಿ. ಅದು ಹಿಂದುಸ್ತಾನದ ನೆಲ ಮುಟ್ಟಿದ್ದು 1802ರಲ್ಲಿ. ಮರುವರ್ಷವೇ ದ್ಯುಬುವಾ ಮೈಸೂರಿನಲ್ಲಿ ಲಸಿಕೆ ಹಾಕಿಸುವುದಕ್ಕೆ ನಿಂತರು. 1803-04ರಲ್ಲಿ 25,432 ಮಂದಿಗೆ ಹಾಕಿಸಿದ ಲೆಕ್ಕ ಸರ್ಕಾರದ ವರದಿಯಲ್ಲಿದೆ. ಹಸುವಿನ ಮೈಯ ರಸವನ್ನು ಮನುಷ್ಯನ ತೋಳಿಗೆ ಚುಚ್ಚುತ್ತಾರೆಂದರೆ ನಂಬುವವರಾರು? ಊರಿನವರಂತೆ ಉಣ್ಣುವ, ಊರಿನ ಮಾತಾಡುವ ಒಬ್ಬ ಸ್ವಾಮಿ ತಾನೇ ಬಂದು ಹೇಳಿದ್ದರಿಂದ ತೋಳುಗಳು ಮುಂದೆ ಬಂದವು. ಹಳ್ಳಿಗಳನ್ನು ಸುತ್ತುತ್ತಿದ್ದ ಗುರುವಿನ ಹಳೆಯ ದಾರಿಯೇ ಲಸಿಕೆಗೂ ದಾರಿಯಾಯಿತು.

ಆ ಒಕ್ಕಲುಗಳ ಒಳಬಾಳು ಹೇಗಿತ್ತೆಂಬುದಕ್ಕೆ ದ್ಯುಬುವಾ ಬರೆದಿಟ್ಟ ಒಂದು ಘಟನೆ ಸಾಕು. ಒಮ್ಮೆ ಅವರು ಬೈಬಲಿನ ದಾರಿತಪ್ಪಿದ ಮಗನ ಸಾಮತಿಕಥೆಯನ್ನು ವಿವರಿಸುತ್ತಿದ್ದರು. ಮನೆಗೆ ಮರಳಿದ ಮಗನಿಗಾಗಿ ತಂದೆ ಕೊಬ್ಬಿದ ಕರುವನ್ನು ಕಡಿಸಿ ಔತಣ ಮಾಡಿದನೆಂದಾಗ ಕೇಳುತ್ತಿದ್ದವರ ಮುಖ ಕಪ್ಪಿಟ್ಟಿತು. ಆಮೇಲೆ ಒಳ್ಳೆಯ ಕ್ರೈಸ್ತರೆನಿಸಿಕೊಂಡವರೇ ಬಳಿಗೆ ಬಂದು, ಸ್ವಾಮಿ, ಆ ಮಾತು ಸರಿಹೋಗಲಿಲ್ಲ, ಬೇರೆಯವರು ಕೇಳಿದ್ದರೆ ನಮ್ಮನ್ನು ಏನೆಂದುಕೊಳ್ಳುತ್ತಿದ್ದರು, ಇನ್ನು ಮೇಲೆ ಕರುವಿನ ಬದಲು ಕುರಿಮರಿ ಎಂದು ಹೇಳಿ ಎಂದು ತಿದ್ದಿದರು. ಧರ್ಮ ಬದಲಾದರೂ ಊಟದ ಎಲೆ ಬದಲಾಗಿರಲಿಲ್ಲ. ಜಾತಿಯೂ ಹೋಗಿರಲಿಲ್ಲ. ಒಂದೇ ಗುಡಿಯಲ್ಲಿ ಮೊಣಕಾಲೂರಿದವರು ಮದುವೆಯ ಮಾತು ಬಂದಾಗ ಕುಲ ಕೇಳುತ್ತಿದ್ದರು. ಇದನ್ನು ಮುಚ್ಚಿಟ್ಟು ಆ ಸಭೆಯನ್ನು ಹೊಗಳಿದರೆ ಅದು ಸತ್ಯವಲ್ಲ. ಕೆಳಜಾತಿಯವರೆನಿಸಿ ಅಂದು ಗುಡಿಯಲ್ಲಿ ಹಿಂದೆ ಕುಳಿತವರ ನೋವು ಕ್ರೈಸ್ತ ಸಮಾಜದಲ್ಲಿ ಬಹುಕಾಲ ಮಾಯಲಿಲ್ಲ.

ಹಬ್ಬಗಳೂ ಈ ನೆಲದವೇ ಆಗಿದ್ದವು. ರಾತ್ರಿ ತೇರು ಹೊರಡುತ್ತಿತ್ತು. ತಮಟೆ, ಕೊಂಬು, ಪಂಜು, ಬಾಣಬಿರುಸು ಎಲ್ಲವೂ ಇದ್ದವು. ಆ ಮೆರವಣಿಗೆಗಳು ತಮಗೆ ಯಾವಾಗಲೂ ನಾಚಿಕೆ ತಂದವೆಂದು ದ್ಯುಬುವಾ ಬರೆದರು. ಫ್ರಾನ್ಸಿನ ಗುರುಮಠದ ಮೌನದಲ್ಲಿ ಬೆಳೆದ ಕಿವಿಗೆ ಹಾಗೆ ಅನಿಸಿದ್ದು ಸಹಜ. ಆದರೆ ಹದಿನೈದು ವರ್ಷ ದನಿ ತಗ್ಗಿಸಿ ಜಪಿಸಿದ ಜನ ಕೊನೆಗೊಮ್ಮೆ ಬೀದಿಯಲ್ಲಿ ತಮಟೆ ಬಡಿದರೆ, ಆ ಸದ್ದು ಅವರಿಗೆ ಏನಾಗಿತ್ತು ಎಂದು ನಾವು ಊಹಿಸಬಲ್ಲೆವು. ಕೆ.ಆರ್. ನಗರದ ಬಳಿಯ ದೋರನಹಳ್ಳಿಯಲ್ಲಿ, ಉಳುವಾಗ ನೇಗಿಲಿಗೆ ಸಿಕ್ಕಿದ ಮರದ ವಿಗ್ರಹವೇ ಸಂತ ಅಂತೋಣಿಯವರದೆಂಬ ನಂಬಿಕೆ ಬೆಳೆದದ್ದೂ ಸುಮಾರಾಗಿ ಇದೇ ಕಾಲದ ಸುತ್ತಿನದು. ಜೂನ್ 13ರ ಹಬ್ಬಕ್ಕೆ ಅಲ್ಲಿ ಇಂದಿಗೂ ಎಲ್ಲ ಮತದ ರೈತರು ಹರಕೆ ತೀರಿಸುತ್ತಾರೆ.

ದೊಡ್ಡ ಸ್ವಾಮಿಯವರು ಹೊರಗಿನ ಜಗತ್ತಿಗೆ ಪ್ರಸಿದ್ಧರಾದದ್ದು ಬೇರೆ ಕಾರಣಕ್ಕೆ. ಹಿಂದೂ ಜನರ ಆಚಾರವಿಚಾರಗಳನ್ನು ಕುರಿತು ಅವರು ಸಿದ್ಧಪಡಿಸಿದ ಹಸ್ತಪ್ರತಿಯನ್ನು ಮೈಸೂರಿನ ರೆಸಿಡೆಂಟ್ ಮಾರ್ಕ್ ವಿಲ್ಕ್ಸ್ ಮೆಚ್ಚಿ ಮದರಾಸಿಗೆ ಕಳಿಸಿದರು. ಈಸ್ಟ್ ಇಂಡಿಯಾ ಕಂಪನಿಯ ಸರ್ಕಾರ ಅದನ್ನು ಎರಡು ಸಾವಿರ ವರಹಕ್ಕೆ ಕೊಂಡಿತು. 1816ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಅದರ ಬಹುಪಾಲು ಹಿಂದಿನ ತಲೆಮಾರಿನ ಯೇಸುಸಭೆಯ ಗುರು ಕೇರ್‍ದೂ ಅವರ ಬರಹವನ್ನು ಆಧರಿಸಿದ್ದೆಂದು ಇತ್ತೀಚಿನ ವಿದ್ವಾಂಸರು ತೋರಿಸಿದ್ದಾರೆ. ಪುಸ್ತಕದ ಕಥೆ ಇಲ್ಲಿಗೆ ಸಾಕು. ನಮಗೆ ಮುಖ್ಯವಾದದ್ದು 1823ರಲ್ಲಿ ಹೊರಬಂದ ಅವರ ಇನ್ನೊಂದು ಹೊತ್ತಗೆ, ಇಂಡಿಯಾದಲ್ಲಿ ಕ್ರಿಸ್ತಧರ್ಮದ ಸ್ಥಿತಿಯನ್ನು ಕುರಿತ ಪತ್ರಗಳು.

ಅದನ್ನು ಓದುವುದು ಕಷ್ಟ. ಇಪ್ಪತ್ತೈದು ವರ್ಷದ ದುಡಿಮೆಯಲ್ಲಿ ತಾವು ಹೊಸದಾಗಿ ಸಭೆಗೆ ಸೇರಿಸಿದ್ದು ಇನ್ನೂರು ಮುನ್ನೂರು ಮಂದಿ ಮಾತ್ರ ಎಂದು ಅವರು ಬರೆದರು. ಅವರಲ್ಲಿ ಮೂರರಲ್ಲಿ ಎರಡು ಪಾಲು ಊರಾಚೆಗೆ ತಳ್ಳಲ್ಪಟ್ಟವರು, ಭಿಕ್ಷೆ ಬೇಡುವವರು. ಉಳಿದವರೂ ಕುಲದಿಂದ ಹೊರಬಿದ್ದವರು. ಈ ನಾಡಿನಲ್ಲಿ ಕ್ರಿಸ್ತಧರ್ಮದ ಕಾಲ ಮುಗಿದುಹೋಯಿತು, ಇನ್ನು ಮೇಲೆ ಯಾರೂ ಇದನ್ನು ಬೆಳೆಸಲಾರರು ಎಂಬುದೇ ಅವರ ತೀರ್ಮಾನ. ಇಂಗ್ಲೆಂಡಿನ ಪ್ರಾಟೆಸ್ಟೆಂಟರಲ್ಲಿ ಕೋಲಾಹಲವೆದ್ದಿತು. ಜೇಮ್ಸ್ ಹಫ್, ಹೆನ್ರಿ ಟೌನ್ಲಿ ಎಂಬಿಬ್ಬರು 1824ರಲ್ಲಿ ಪುಸ್ತಕಗಳನ್ನೇ ಬರೆದು ಉತ್ತರ ಕೊಟ್ಟರು. ಅವರ ವಾದಗಳು ನನ್ನನ್ನು ಅಷ್ಟಾಗಿ ತಟ್ಟುವುದಿಲ್ಲ. ಸಾತಳ್ಳಿಯ ಹೊಲಗಳೇ ಬೇರೊಂದು ಉತ್ತರವನ್ನು ಬೆಳೆಯುತ್ತಿದ್ದವು. ಆ ಇನ್ನೂರು ಮುನ್ನೂರು ಜನ, ಯಾರೂ ಬೇಡವೆಂದ ಜನ, ಯಾರ ಮನೆಬಾಗಿಲಿಗೆ ಬಂದು ನಿಂತರೋ ಆ ಗುರುವಿಗೆ ಅದು ಸೋಲೆಂದು ಕಂಡಿತಲ್ಲ ಎಂಬುದು ನನಗೆ ನೋವಿನ ಸಂಗತಿ. ಅವರು ನಂಬಿದ ಸುವಾರ್ತೆಯಲ್ಲಿ ಔತಣಕ್ಕೆ ಕೊನೆಗೆ ಕರೆಸಿಕೊಂಡವರು ಇಂಥವರೇ.

1823ರ ಜನವರಿಯಲ್ಲಿ ಕಂಪನಿಯ ಪಿಂಚಣಿ ಪಡೆದು ದ್ಯುಬುವಾ ಹಡಗು ಹತ್ತಿದರು. ಮತ್ತೆ ಬರಲಿಲ್ಲ. ಪ್ಯಾರಿಸಿನ ಮಿಶನ್ ಗುರುಮಠದಲ್ಲಿ ಪಾಠ ಹೇಳುತ್ತ, 1836ರಿಂದ ಮೂರು ವರ್ಷ ಅದರ ಮುಖ್ಯಸ್ಥರಾಗಿದ್ದು, ಪಂಚತಂತ್ರವನ್ನು ಫ್ರೆಂಚಿಗೆ ತಂದು, 1848ರ ಫೆಬ್ರವರಿಯಲ್ಲಿ ತೀರಿಕೊಂಡರು. ಇಂಡಿಯಾಕ್ಕೆ ಹೋಗಿ ಫಲವಿಲ್ಲವೆಂದು ಬರೆದವರೇ ಇಂಡಿಯಾಕ್ಕೆ ಹೋಗುವ ಎಳೆಯ ಗುರುಗಳನ್ನು ಸಿದ್ಧಗೊಳಿಸುತ್ತಿದ್ದರು. ಬರೆದದ್ದು ಬೇಸರದ ಮಾತು. ಮಾಡಿದ್ದು ಮನಸ್ಸಿನ ಮಾತು ಎಂದು ನಾನು ತಿಳಿದಿದ್ದೇನೆ.

ಅವರ ಬೆನ್ನಿಗೆ ಬಂದ ಫ್ರೆಂಚ್ ಗುರುಗಳು ಮೈಸೂರನ್ನು ಬಿಡಲಿಲ್ಲ. 1850ರಲ್ಲಿ ಮೈಸೂರು ತನ್ನದೇ ಪ್ರೇಷಿತ ಪ್ರಾಂತ್ಯವಾಯಿತು. ಅದರ ಮೊದಲ ಧರ್ಮಾಧ್ಯಕ್ಷರಾದ ಶಾರ್ಬೊನೊ ಅವರ ಕಾಲದಲ್ಲಿ ಬೆಂಗಳೂರಿನ ಮಿಶನ್ ಮುದ್ರಣಾಲಯದಿಂದ 1855ರಲ್ಲಿ ಕನ್ನಡ-ಲ್ಯಾಟಿನ್ ನಿಘಂಟು, 1861ರಲ್ಲಿ ಲ್ಯಾಟಿನ್-ಕನ್ನಡ ನಿಘಂಟು ಹೊರಬಂದವು. ಕಿಟೆಲರ ನಿಘಂಟು ಬರುವುದಕ್ಕೆ ಇನ್ನೂ ಮೂವತ್ತು ಮೂವತ್ತೈದು ವರ್ಷವಿತ್ತು. ಹಳ್ಳಿಯ ಪಾಪನಿವೇದನೆಯ ಪೀಠದಲ್ಲಿ ಕೂತು ಮುದುಕಿಯರ ಮಾತು ಕೇಳಿಸಿಕೊಂಡವರು ಕೂಡಿಸಿದ ಪದಕೋಶ ಅದು. ನಮ್ಮ ನಿಘಂಟುಗಳ ಚರಿತ್ರೆಯಲ್ಲಿ ಅದಕ್ಕೆ ಇನ್ನಷ್ಟು ದೊಡ್ಡ ಜಾಗ ಸಲ್ಲಬೇಕು. 1876-78ರ ಬರದಲ್ಲಿ ಅನಾಥರಾದ ಮಕ್ಕಳಿಗಾಗಿ ನೆಲಮಂಗಲದ ಕಡೆ ಸಿಲುವೆಪುರವೆಂಬ ಊರೇ ಎದ್ದಿತು. ಸಾತಳ್ಳಿಯಲ್ಲಿ ಎಪ್ಪತ್ತು ವರ್ಷದ ಹಿಂದೆ ನೆಟ್ಟ ಮಾದರಿಯೇ ಅಲ್ಲಿಯೂ: ಗುಡಿ, ಮನೆ, ನೇಗಿಲು.

ಹಾಸನದ ಒಕ್ಕಲುಗಳು ಹೇಮಾವತಿಯ ದಂಡೆಯ ಶೆಟ್ಟಿಹಳ್ಳಿಗೂ ಹಬ್ಬಿದ್ದವು. 1860ರ ದಶಕದಲ್ಲಿ ಫ್ರೆಂಚ್ ಗುರುಗಳು ಅಲ್ಲಿ ಜಪಮಾಲೆ ಮಾತೆಯ ದೊಡ್ಡ ಚರ್ಚನ್ನು ಕಟ್ಟಿಸಿದರು. ಗಾರೆಗೆ ಬೆಲ್ಲವನ್ನೂ ಮೊಟ್ಟೆಯನ್ನೂ ಬೆರೆಸಿದ್ದರೆಂದು ಆ ಕಡೆಯ ಜನ ಇಂದಿಗೂ ಹೇಳುತ್ತಾರೆ. ನೂರು ವರ್ಷಕ್ಕೂ ಮಿಕ್ಕಿ ಆ ಗೋಪುರದ ಗಂಟೆ ಹೊಲದವರಿಗೆ ಹೊತ್ತು ಹೇಳಿತು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿ 1979ರಲ್ಲಿ ಮುಗಿಸಿದಾಗ ಹಿನ್ನೀರು ಊರಿನ ಮೇಲೆ ಬಂತು. ಮಳೆಗಾಲದಲ್ಲಿ ಅರ್ಧ ಮುಳುಗಿ ನಿಲ್ಲುವ ಕಮಾನುಗಳನ್ನು ನೋಡಲು ಈಗ ದೂರದೂರದಿಂದ ಪ್ರವಾಸಿಗಳು ಬರುತ್ತಾರೆ, ಚಿತ್ರ ತೆಗೆಯುತ್ತಾರೆ, ಹಾಳುಬಿದ್ದ ಚರ್ಚೆಂದು ಹೇಳಿ ಹೋಗುತ್ತಾರೆ.

ಹಾಳುಬಿದ್ದದ್ದು ಗೋಡೆ. ಊರಿನವರು ಗಂಟುಮೂಟೆ ಕಟ್ಟಿ ಎತ್ತರದ ನೆಲಕ್ಕೆ ಹೋದರು. ಹೊಸ ಜಾಗದಲ್ಲಿ ಮನೆ ಕಟ್ಟಿದರು, ಮಕ್ಕಳ ಮದುವೆ ಮಾಡಿದರು, ಸತ್ತವರನ್ನು ಹೂಳಿದರು. 1963ರಲ್ಲಿ ಮೈಸೂರಿನಿಂದ ಬೇರೆಯಾಗಿ ಚಿಕ್ಕಮಗಳೂರು ಧರ್ಮಪ್ರಾಂತ್ಯವಾದಾಗ ಹಾಸನದ ಈ ಧರ್ಮಕೇಂದ್ರಗಳೆಲ್ಲ ಅದಕ್ಕೆ ಸೇರಿದ್ದವು. ಇಂದಿಗೂ ಅದರಲ್ಲೇ ಇವೆ. ಸಾತಳ್ಳಿಯ ಗುಡಿಯಲ್ಲಿ ಪೂಜೆ ನಡೆಯುವುದು ಕನ್ನಡದಲ್ಲಿ, ಬರುವವರು ಒಕ್ಕಲಿನವರು.